ಬೆನ್ನು ನೆಲಕ್ಕೆ ತಾಗಿದ ಮೇಲೂ ಆಟ ಇದೆ: ಪೈಲ್ವಾನರೊಬ್ಬರ ಪ್ರಶ್ನೆಗೆ ಉತ್ತರ

ಪ್ರಶ್ನೆ: ಸರ್, ನಾನು ಜಮಖಂಡಿ ತಾಲ್ಲೂಕಿನವನು. ವಯಸ್ಸು 28, ತೂಕ 84 ಕೆಜಿ. ಹೈಸ್ಕೂಲಿನಿಂದಲೇ ಗರಡಿಗೆ ಹೋಗಿದ್ದೇನೆ. ಸುತ್ತಲಿನ ಜಾತ್ರೆಗಳಲ್ಲಿ ನಿಕಾಲಿ ಕುಸ್ತಿ ಹಿಡಿದಿದ್ದೇನೆ, ಒಂದೆರಡು ಬೆಳ್ಳಿ ಕಡಗವೂ ಮನೆಯಲ್ಲಿವೆ. ಈಗ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ. ಹೋದ ವರ್ಷ ಕೆಲಸದ ಮೇಲೆ ಮೂರು ತಿಂಗಳು ಪುಣೆಯಲ್ಲಿದ್ದಾಗ ನೆಲದ ಮೇಲೆ ಕೀಲು, ಕುತ್ತಿಗೆ ಹಿಡಿದು ಸೋಲಿಸುವ ಬ್ರೆಜಿಲಿಯನ್ ಜಿಯು-ಜಿತ್ಸು ಕ್ಲಾಸ್ ಸೇರಿದೆ. ಅಲ್ಲಿ ಎಲ್ಲರನ್ನೂ ಕೆಡವುತ್ತಿದ್ದೆ. ಆದರೆ ಕೆಡವಿದ ಮೇಲೆ ನನ್ನದೇ ಸೋಲು. 62 ಕೆಜಿಯ ಒಬ್ಬ ಬ್ಲೂ ಬೆಲ್ಟ್ ಹುಡುಗ ಐದು ನಿಮಿಷದಲ್ಲಿ ಮೂರು ಸಲ ನನ್ನ ಕುತ್ತಿಗೆ ಹಿಡಿದ. ಊರಿಗೆ ಬಂದ ಮೇಲೆ ನಾವು ನಾಲ್ಕು ಜನ ಗೆಳೆಯರು ಗೋದಾಮಿನಲ್ಲಿ ಮ್ಯಾಟ್ ಹಾಸಿಕೊಂಡು ವಿಡಿಯೋ ನೋಡಿ ಕಲಿಯುತ್ತಿದ್ದೇವೆ. ನನ್ನ ವಸ್ತಾದರು, 'ಕೆಳಗೆ ಮಲಗುವುದೂ ಒಂದು ವಿದ್ಯೆಯಾ? ಕುತ್ತಿಗೆ ಹಿಚುಕಿಸಿಕೊಂಡರೆ ತಲೆ ಕೆಡುತ್ತದೆ' ಎನ್ನುತ್ತಾರೆ. ಮನೆಯಲ್ಲೂ ಅದೇ ಹೆದರಿಕೆ. ಕುಸ್ತಿ ಕಲಿತದ್ದೇ ನನಗೆ ಅಡ್ಡಿಯಾಯಿತಾ? ಕೋಚ್ ಇಲ್ಲದೆ ಕಲಿಯಬಹುದಾ? ಮೊದಲು ಯಾವ ಪಟ್ಟು ಕಲಿಯಬೇಕು? ಮುಂದಿನ ವರ್ಷ ಒಂದು ಸ್ಪರ್ಧೆಗೆ ಹೋಗುವ ಆಸೆಯೂ ಇದೆ. ಹಾಂ, ಗೆಳೆಯ ಕೈ ತಿರುವಿದ ದಿನದಿಂದ ಎಡಭುಜ ಕಟಕಟ ಎನ್ನುತ್ತಿದೆ, ಒಂದು ತಿಂಗಳಾಯಿತು.

ಉತ್ತರ: ಭುಜದಿಂದಲೇ ಶುರು ಮಾಡೋಣ. ನೀವು ಅದನ್ನು ಕೊನೆಗೆ ಸುಮ್ನೆ ಸೇರಿಸಿದ್ದೀರಿ, ಆದರೆ ಓದುವಾಗ ನನ್ನ ಕಣ್ಣು ನಿಂತದ್ದು ಅಲ್ಲೇ. ಮೊಣಕೈ ಮಡಚಿಸಿ, ಕೈಯನ್ನು ಬೆನ್ನ ಹಿಂದಕ್ಕೋ ತಲೆಯ ಕಡೆಗೋ ತಿರುವುವ ಪಟ್ಟುಗಳಿವೆ. ಒಂದು ಕಿಮುರಾ, ಇನ್ನೊಂದು ಅಮೆರಿಕಾನಾ. ಎರಡರಲ್ಲೂ ಹೆಚ್ಚಾಗಿ ಪೆಟ್ಟು ತಿನ್ನುವುದು ಭುಜದ ಕೀಲು. ಗರಡಿಯಲ್ಲಿ ಬೆಳೆದವರು ನೋವು ನುಂಗುವುದನ್ನು ಚಿಕ್ಕಂದಿನಲ್ಲೇ ಕಲಿತಿರುತ್ತಾರೆ. ಗೆಳೆಯ ಕೈ ತಿರುವುತ್ತಿದ್ದಾಗ 'ಇನ್ನೊಂದಿಷ್ಟು ತಡೆಯೋಣ' ಎಂದುಕೊಂಡಿರುತ್ತೀರಿ. ಮಾಂಸಖಂಡ ತಡೆಯುತ್ತದೆ, ಕೀಲು ತಡೆಯುವುದಿಲ್ಲ.

ಬರೀ ಶಬ್ದ ಇದ್ದು ನೋವಿಲ್ಲದಿದ್ದರೆ ಗಾಬರಿ ಬೇಡ. ಆದರೆ ರಾತ್ರಿ ಆ ಮಗ್ಗುಲಿಗೆ ಮಲಗಿದರೆ ನೋಯುತ್ತದೆಯಾ? ಕೈಯನ್ನು ತಲೆಯ ಮೇಲಕ್ಕೆ ಎತ್ತಲು ಆಗುತ್ತಿಲ್ಲವಾ? ಆ ಕೈಗೆ ಬಲ ಕಡಿಮೆಯಾದಂತೆ ಅಥವಾ ಕೀಲು ಜಾರುತ್ತದೇನೋ ಎಂದು ಅನಿಸುತ್ತದೆಯಾ? ಒಂದಕ್ಕೆ 'ಹೌದು' ಎಂದರೂ ಮೂಳೆ ಡಾಕ್ಟರಿಗೆ ತೋರಿಸಲೇಬೇಕು. ತಿಂಗಳಾಗಿದೆ ಅಂದ ಮೇಲೆ ಹೇಗೂ ತೋರಿಸುವುದೇ ಒಳ್ಳೆಯದು. ತಿಕ್ಕಿಸಿ, ಎಳೆಸಿ ಸರಿಮಾಡಿಸಲು ಹೋಗಬೇಡಿ. ಅಲ್ಲಿಯವರೆಗೆ ಜೋಡಿ ಹಿಡಿಯುವುದು ಬಂದ್, ದಂಡ ಹೊಡೆಯುವುದೂ ಬಂದ್. ಬೈಠಕ್ ಹೊಡೆಯಿರಿ, ಅದಕ್ಕೆ ಅಡ್ಡಿಯಿಲ್ಲ.

ಇನ್ನು, ಕುಸ್ತಿಯೇ ಅಡ್ಡಿಯಾಯಿತಾ ಎಂಬ ಪ್ರಶ್ನೆ. ಇಲ್ಲ. ನಾನು ಬೆಳಗಾವಿಯಲ್ಲಿ ಗ್ರಾಪ್ಲಿಂಗ್, ಅಂದರೆ ಹೊಡೆತವಿಲ್ಲದೆ ಹಿಡಿದು ಸೆಣಸುವ ಆಟ ಕಲಿಸುತ್ತೇನೆ. ಕುಸ್ತಿಯ ಮಣ್ಣಿನ ಅಂಕಣ, ಅಂದರೆ ಮಟ್ಟಿಯಿಂದ ಬಂದವರನ್ನೂ ಜಿಮ್‌ನಿಂದ ಬಂದವರನ್ನೂ ನೋಡಿದ್ದೇನೆ. ನಿಂತು ಹಿಡಿಯುವುದು, ಕೆಡವುವುದು, ಮೇಲಿಂದ ಒತ್ತುವುದು, ಇನ್ನೊಬ್ಬರ ತೂಕ ಮೈಮೇಲೆ ಬಿದ್ದಾಗ ಕಂಗೆಡದಿರುವುದು, ಇವೆಲ್ಲ ಆಫೀಸ್ ಮುಗಿಸಿ ಕ್ಲಾಸಿಗೆ ಬರುವ ಹುಡುಗನಿಗೆ ಬರಲು ವರ್ಷಗಳು ಬೇಕು. ನಿಮ್ಮ ಹತ್ತಿರ ಈಗಲೇ ಇವೆ. ನಿಮ್ಮನ್ನು ಸೋಲಿಸುತ್ತಿರುವುದು ಮೂರೇ ಮೂರು ಅಭ್ಯಾಸ. ಕುಸ್ತಿಯ ಮಟ್ಟಿಗೆ ಮೂರೂ ಸರಿಯಾದವೇ, ಅದಕ್ಕೇ ಬಿಡುವುದು ಕಷ್ಟ.

ಕುಸ್ತಿಯಲ್ಲಿ ಎರಡೂ ಭುಜ ನೆಲಕ್ಕೆ ತಾಗಿದರೆ ಚಿತ್, ಆಟ ಮುಗಿಯಿತು. ಹಾಗಾಗಿ ಬೀಳುವ ಹೊತ್ತಿಗೆ ನಿಮ್ಮ ಮೈ ತಾನಾಗಿಯೇ ಹೊಟ್ಟೆಯ ಮೇಲೆ ಹೊರಳುತ್ತದೆ, ನೀವು ಯೋಚಿಸುವ ಮೊದಲೇ. ಜಿಯು-ಜಿತ್ಸುವಿನಲ್ಲಿ ಚಿತ್ ಎನ್ನುವುದೇ ಇಲ್ಲ. ಹೊಟ್ಟೆಯ ಮೇಲೆ ಹೊರಳಿದವನು ತನ್ನ ಬೆನ್ನನ್ನು ಕೈಯಾರೆ ಕೊಟ್ಟಂತೆ. ಎದುರಾಳಿ ಹಿಂದಿನಿಂದ ಎರಡೂ ಕಾಲುಗಳನ್ನು ನಿಮ್ಮ ತೊಡೆಗಳ ಒಳಗೆ ಸಿಕ್ಕಿಸಿ, ಒಂದು ಕೈಯನ್ನು ಗದ್ದದ ಕೆಳಗೆ ತೂರಿಸಿದರೆ ನಿಮಗೆ ಅವನ ಮುಖವೂ ಕಾಣುವುದಿಲ್ಲ, ನಿಮ್ಮ ಬಲವೂ ಅವನನ್ನು ಮುಟ್ಟುವುದಿಲ್ಲ. ಪುಣೆಯ ಆ ಹುಡುಗ ಹೇಗೆ ಹಿಡಿದ ಎಂದು ನೆನಪು ಮಾಡಿಕೊಳ್ಳಿ. ಮೂರರಲ್ಲಿ ಒಂದು ಸಲವಾದರೂ ಹಿಂದಿನಿಂದಲೇ ಹಿಡಿದಿರುತ್ತಾನೆ.

ಎರಡನೆಯದು ತಲೆ. ಕಾಲು ಹಿಡಿದು ಕೆಡವುವ ಪಟಕ್ಕೆ ನುಗ್ಗುವಾಗ ತಲೆ ತಗ್ಗಿಸಿ ಎದುರಾಳಿಯ ಪಕ್ಕೆಯ ಹೊರಗೆ ಬಿಡುತ್ತೀರಿ. ಮಟ್ಟಿಯಲ್ಲಿ ಅದರಿಂದ ಅಂಥ ನಷ್ಟವಿಲ್ಲ. ಇಲ್ಲಿ ಅವನು ಬೀಳುತ್ತಲೇ ನಿಮ್ಮ ಕುತ್ತಿಗೆಯನ್ನು ಕಂಕುಳಲ್ಲಿ ಸುತ್ತಿಕೊಂಡು, ಕಾಲುಗಳಿಂದ ಸೊಂಟ ಕಟ್ಟಿಹಾಕುತ್ತಾನೆ. ಅದೇ ಗಿಲೊಟಿನ್. ಕೆಡವಿದ್ದು ನೀವು, ಸೋತದ್ದೂ ನೀವೇ. ಪರಿಹಾರ ಸಣ್ಣದು: ಕಣ್ಣು ಮೇಲಿರಲಿ, ಕಿವಿ ಅವನ ಪಕ್ಕೆಗೆ ಅಂಟಿಕೊಂಡಿರಲಿ. ಆದರೂ ಸಿಕ್ಕಿಬಿದ್ದರೆ ತಲೆ ಎಳೆದುಕೊಳ್ಳಲು ಜಗ್ಗಾಡಬೇಡಿ. ತಲೆ ಅವನ ಯಾವ ಕಂಕುಳಲ್ಲಿದೆಯೋ ಅದರ ಎದುರು ಬದಿಗೆ ನಿಮ್ಮ ಮೈ ದಾಟಬೇಕು. ಅಲ್ಲಿಗೆ ಹೋದರೆ ಅವನ ಹಿಡಿತಕ್ಕೆ ಬಲ ಸಿಗುವುದಿಲ್ಲ.

ಮೂರನೆಯದು ಕೈ ಚಾಚುವುದು. ಕೆಳಗೆ ಸಿಕ್ಕಿಕೊಂಡಾಗ ಎರಡೂ ಕೈ ನೇರ ಮಾಡಿ ಅವನ ಎದೆ ತಳ್ಳುತ್ತೀರಿ. ಮೇಲಿದ್ದಾಗ ಅಂಗೈಯನ್ನು ಮ್ಯಾಟಿಗೆ ಊರುತ್ತೀರಿ. ಚಾಚಿದ ಕೈ ಮೊಣಕೈ ಕೀಲು ಮುರಿಯುವಂತೆ ಬಾಗಿಸುವ ಆರ್ಮ್‌ಬಾರಿಗೆ, ಊರಿದ ಕೈ ಕಿಮುರಾಕ್ಕೆ. ನಿಮ್ಮ ಭುಜದ ಕಥೆಯೂ ಹೆಚ್ಚುಕಡಿಮೆ ಇಲ್ಲಿಂದಲೇ ಶುರುವಾಗಿರಬೇಕು.

ಈಗ 'ಯಾವ ಪಟ್ಟು ಮೊದಲು' ಎಂಬ ಪ್ರಶ್ನೆ. ನನ್ನನ್ನು ಕೇಳಿದರೆ ಪಟ್ಟು ಆಮೇಲೆ, ಜಾಗ ಮೊದಲು. ಸ್ಪರ್ಧೆಯ ಅಂಕಗಳನ್ನೇ ನೋಡಿ. ಕೆಡವಿದರೆ 2. ಕೆಳಗಿದ್ದವನು ಗಾರ್ಡ್‌ನಿಂದ, ಅಂದರೆ ಎದುರಾಳಿಯನ್ನು ತನ್ನ ಕಾಲುಗಳಿಂದ ತಡೆದ ಜಾಗದಿಂದ, ಮೇಲಿದ್ದವನನ್ನು ಉರುಳಿಸಿ ತಾನು ಮೇಲೆ ಬಂದರೆ, ಅಂದರೆ ಸ್ವೀಪ್ ಮಾಡಿದರೆ 2. ಹೊಟ್ಟೆಯ ಮೇಲೆ ಮೊಣಕಾಲು ಊರಿದರೆ 2. ಎದುರಾಳಿಯ ಕಾಲುಗಳ ಕಾವಲು ದಾಟಿ ಪಕ್ಕಕ್ಕೆ ಬಂದರೆ, ಅಂದರೆ ಗಾರ್ಡ್ ಪಾಸ್ ಮಾಡಿದರೆ 3. ಮೇಲೆ ಸವಾರಿ ಕೂತರೆ, ಅಂದರೆ ಮೌಂಟ್ ಆದರೆ 4. ಬೆನ್ನು ಹಿಡಿದರೂ 4. ಅಂಕ ಸಿಗಬೇಕಾದರೆ ಆ ಜಾಗವನ್ನು 3 ಸೆಕೆಂಡ್ ಕಾಯ್ದುಕೊಳ್ಳಬೇಕು. ಇದರ ಹಿಂದಿನ ಲೆಕ್ಕ ಒಂದೇ: ನೀವು ಅವನಿಗೆ ಪೆಟ್ಟು ಕೊಡಬಹುದು, ಅವನು ನಿಮಗೆ ಕೊಡಲಾರ, ಅಂಥ ಜಾಗಕ್ಕೆ ಬೆಲೆ ಜಾಸ್ತಿ.

ಕೆಡವಿದ್ದಕ್ಕೆ ಬರೀ 2 ಯಾಕೆ ಎಂದು ಪೈಲ್ವಾನರಿಗೆ ಸಿಟ್ಟು ಬರುತ್ತದೆ. ಬರಲಿ. ಆದರೆ ನೀವು ಅವನನ್ನು ಕೆಡವಿ ಬಿದ್ದದ್ದು ಎಲ್ಲಿ? ಅವನ ಎರಡು ಕಾಲುಗಳ ನಡುವೆ. ಅದು ಅವನ ಗಾರ್ಡ್. ಅಲ್ಲಿ ಅವನಿಗೆ ಎರಡು ಕೈ, ಎರಡು ಕಾಲು, ಸೊಂಟ ಎಲ್ಲವೂ ಕೆಲಸಕ್ಕೆ ಬರುತ್ತವೆ. ನಿಮಗೆ ಕೈ ಮಾತ್ರ. ಕೆಡವುವಾಗಲೇ ಅವನ ಕಾಲುಗಳನ್ನು ದಾಟಿ ಪಕ್ಕಕ್ಕೆ ಬೀಳುವುದನ್ನು ರೂಢಿಸಿಕೊಳ್ಳಿ. ನಿಮಗಿರುವ ಕಾಲಿನ ವೇಗಕ್ಕೆ ಇದು ಕೆಲವೇ ವಾರಗಳ ಕೆಲಸ. ಇದೊಂದೇ ಬದಲಾದರೂ ಆ ಹುಡುಗನ ಅರ್ಧ ಆಟ ನಿಲ್ಲುತ್ತದೆ.

ಕೆಳಗಿರುವಾಗಿನ ವಿಷಯ ಸ್ವಲ್ಪ ಉದ್ದ, ಯಾಕೆಂದರೆ ನಿಮಗೆ ಹೊಸದು ಅದೇ. ಮೇಲೆ ಕೂತವನನ್ನು ಎತ್ತಿ ಎಸೆಯಬೇಕು ಎನ್ನುವ ಯೋಚನೆ ಬಿಡಿ. ಅವನು ಇರುವಲ್ಲೇ ಇರಲಿ, ನೀವು ಸರಿಯಿರಿ. ಮುಂಗೈ ಮೂಳೆಯನ್ನು ಅವನ ಕುತ್ತಿಗೆಗೋ ಸೊಂಟಕ್ಕೋ ಅಡ್ಡ ಕೊಡಿ, ಮೊಣಕೈ ನಿಮ್ಮ ಪಕ್ಕೆಗೆ ಹತ್ತಿರ ಇರಲಿ. ಇದಕ್ಕೆ ಫ್ರೇಮ್ ಎನ್ನುತ್ತಾರೆ. ಕೈ ತಳ್ಳಬಾರದು, ಕಂಬದ ಹಾಗೆ ನಿಂತಿರಬೇಕು. ತಳ್ಳಿದರೆ ಮಾಂಸಖಂಡ ಸುಸ್ತಾಗುತ್ತದೆ. ಮೂಳೆ ಅಡ್ಡ ನಿಂತರೆ ಅವನ ತೂಕ ನೆಲಕ್ಕೆ ಇಳಿಯುತ್ತದೆ. ಆಮೇಲೆ ಒಂದು ಪಾದ ಊರಿ, ಸೊಂಟ ಎತ್ತಿ, ಮಗ್ಗುಲಾಗಿ ಹಿಂದಕ್ಕೆ ಸರಿಯುವುದು. ಅದು ಹಿಪ್ ಎಸ್ಕೇಪ್. ಸರಿದ ಜಾಗದಲ್ಲಿ ನಿಮ್ಮ ಮೊಣಕಾಲು ಒಳಗೆ ಬರುತ್ತದೆ, ಗಾರ್ಡ್ ವಾಪಸ್ ಸಿಗುತ್ತದೆ. ಮೊಣಕೈಗೂ ಮೊಣಕಾಲಿಗೂ ನಡುವೆ ಜಾಗ ಬಿಡಬೇಡಿ ಎಂದು ಕೋಚ್‌ಗಳು ದಿನಾ ಗಂಟಲು ಹರಿದುಕೊಳ್ಳುವುದು ಇದಕ್ಕೇ. ಆ ಸಂದಿಯಲ್ಲೇ ಎದುರಾಳಿ ನುಗ್ಗುವುದು.

ಉರುಳಿಸುವುದು ನಿಮಗೆ ಬೇಗ ಅರ್ಥವಾಗುತ್ತದೆ. ಮೇಲಿರುವವನು ಎರಡು ಮೊಣಕಾಲು, ಎರಡು ಕೈ ಮೇಲೆ ನಿಂತಿರುತ್ತಾನೆ. ಒಂದು ಬದಿಯ ಕೈಯನ್ನೂ ಕಾಲನ್ನೂ ಕಟ್ಟಿ, ಅದೇ ಬದಿಗೆ ತೂಕ ತಳ್ಳಿದರೆ ಅವನಿಗೆ ಊರಲು ಏನೂ ಇರುವುದಿಲ್ಲ. ಕುಸ್ತಿಯಲ್ಲಿ ಎತ್ತಿ ಎಸೆಯುವ ಧಾಕ್ ಪಟ್ಟು ಹಾಕುವಾಗ ಅವನ ತೋಳನ್ನು ನೀವು ಯಾಕೆ ಬಿಡುವುದಿಲ್ಲ ಎಂದು ಒಮ್ಮೆ ಯೋಚಿಸಿ. ಲೆಕ್ಕ ಅದೇ, ಮಲಗಿಕೊಂಡು ಮಾಡುತ್ತೀರಿ ಅಷ್ಟೆ.

ಕೀಲು ಹಿಡಿಯುವ ಪಟ್ಟುಗಳಲ್ಲಿ ಬಲಕ್ಕಿಂತ ಆನಿಕೆ ಮುಖ್ಯ. ಇಳಕಲ್ ಕಡೆ ಕ್ವಾರಿಯಲ್ಲಿ ಹಾರೆ ಹಾಕಿ ಕಲ್ಲು ಎಬ್ಬಿಸುವವರನ್ನು ನೋಡಿರುತ್ತೀರಿ. ಹಾರೆಯ ಕೆಳಗೆ ಇಡುವ ಸಣ್ಣ ಕಲ್ಲು ಸರಿಯಾದ ಜಾಗದಲ್ಲಿ ಇಲ್ಲದಿದ್ದರೆ ನಾಲ್ಕು ಜನ ಜೋತುಬಿದ್ದರೂ ಕಲ್ಲು ಅಲ್ಲಾಡುವುದಿಲ್ಲ. ಆರ್ಮ್‌ಬಾರಿನಲ್ಲಿ ಆ ಸಣ್ಣ ಕಲ್ಲು ನಿಮ್ಮ ಸೊಂಟ. ಅದು ಅವನ ಮೊಣಕೈಯ ಸ್ವಲ್ಪ ಮೇಲೆ, ತೋಳಿಗೆ ಅಂಟಿರಬೇಕು. ಅವನ ಹೆಬ್ಬೆರಳು ಆಕಾಶ ನೋಡುತ್ತಿರಬೇಕು, ಮಣಿಕಟ್ಟು ನಿಮ್ಮ ಎದೆಗೆ ಒತ್ತಿರಬೇಕು, ನಿಮ್ಮ ಮೊಣಕಾಲುಗಳು ಒಂದಕ್ಕೊಂದು ಬಿಗಿಯಾಗಿರಬೇಕು. ಇವಿಷ್ಟು ಕೂಡಿ ಬಂದರೆ ಎಳೆಯುವುದೇ ಬೇಡ, ಸೊಂಟ ಒಂದಿಷ್ಟು ಎತ್ತಿದರೆ ಸಾಕು. ನೀವು ಎಳೆದಾಡುತ್ತಿದ್ದೀರಿ ಎಂದರೆ ಎಲ್ಲೋ ಒಂದು ತಪ್ಪಿದೆ ಎಂದೇ ಅರ್ಥ.

ದೂರದ ಬಗ್ಗೆ ಒಂದು ಮಾತು. ಪೂರ್ತಿ ಅಂಟಿಕೊಂಡಿರಿ, ಇಲ್ಲವೇ ಪೂರ್ತಿ ದೂರ ಇರಿ. ಅರ್ಧ ದೂರದಲ್ಲಿ ನಿಂತು ಯೋಚಿಸುವವನೇ ಸಿಕ್ಕಿಬೀಳುವುದು. ಉಸಿರಿನ ಬಗ್ಗೆಯೂ ಅಷ್ಟೆ: ಬಿಗಿಹಿಡಿದರೆ ಎರಡು ನಿಮಿಷಕ್ಕೆ ಮೈ ಕೈಕೊಡುತ್ತದೆ. ಇದನ್ನು ನಿಮಗೆ ಹೇಳಬೇಕಾಗಿಲ್ಲ.

ಇಲ್ಲಿ ಒಂದು ಜಾಹೀರಾತಿನ ಮಾತನ್ನು ಒಡೆಯಬೇಕು. 'ಜಿಯು-ಜಿತ್ಸುವಿನಲ್ಲಿ ಬಲ, ತೂಕ ಲೆಕ್ಕಕ್ಕಿಲ್ಲ' ಎನ್ನುತ್ತಾರೆ. 1993ರಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ನಡೆದ ಮೊದಲ ಯುಎಫ್‌ಸಿಯಲ್ಲಿ, ಅಂದರೆ ಬೇರೆ ಬೇರೆ ಸೆಣಸಾಟದವರು ಎದುರಾಗುವ ಸ್ಪರ್ಧೆಯಲ್ಲಿ, ಸುಮಾರು 80 ಕೆಜಿಯ ರಾಯ್ಸ್ ಗ್ರೇಸಿ ಒಂದೇ ರಾತ್ರಿ ಮೂವರನ್ನು ಸೋಲಿಸಿದ್ದನ್ನು ಉದಾಹರಣೆ ಕೊಡುತ್ತಾರೆ. ನಿಜ, ಸೋಲಿಸಿದರು. ಆದರೆ ಆಗ ನೆಲದ ಮೇಲಿನ ಈ ಆಟ ಎದುರಿಗಿದ್ದವರಿಗೆ ಅಷ್ಟಾಗಿ ಗೊತ್ತಿರಲಿಲ್ಲ. ಇಬ್ಬರಿಗೂ ಅಷ್ಟೇ ವಿದ್ಯೆ ಇದ್ದರೆ ತೂಕ ಇದ್ದವನಿಗೇ ಅನುಕೂಲ. ಇಲ್ಲದಿದ್ದರೆ ಸ್ಪರ್ಧೆಗಳಲ್ಲಿ ತೂಕದ ವರ್ಗಗಳು ಯಾಕಿರುತ್ತಿದ್ದವು? 62 ಕೆಜಿಯ ಹುಡುಗ ನಿಮ್ಮನ್ನು ಹಿಡಿದದ್ದು ತೂಕ ಸುಳ್ಳು ಎಂದಲ್ಲ, ನಿಮ್ಮಿಬ್ಬರ ನಡುವೆ ಕೆಲವು ವರ್ಷಗಳ ಕಲಿಕೆಯ ಅಂತರ ಇದೆ ಎಂದು. ನಿಮ್ಮ ಬಲದಿಂದ ನಿಮಗೊಂದು ಅಪಾಯವೂ ಇದೆ. ಅದು ತಪ್ಪುಗಳನ್ನು ಮುಚ್ಚುತ್ತದೆ. ಗೆಳೆಯರ ಕೆಳಗಿಂದ ನೀವು ಬಲ ಹಾಕಿ ಎದ್ದುಬಿಡುತ್ತೀರಿ, ಫ್ರೇಮ್ ಕಲಿಯುವುದೇ ಇಲ್ಲ. ಆಮೇಲೆ ನಿಮ್ಮಷ್ಟೇ ಬಲದವನು ಸಿಕ್ಕಾಗ ಕೈಯಲ್ಲಿ ಏನೂ ಇರುವುದಿಲ್ಲ. ವಾರದಲ್ಲಿ ಒಂದೆರಡು ದಿನ ನಿಮಗಿಂತ ಹಗುರ ಗೆಳೆಯನ ಜೊತೆ ಬೇಕೆಂದೇ ಅರ್ಧ ಬಲದಲ್ಲಿ ಆಡಿ, ಸೋಲಿ. ಜಾತ್ರೆಯಲ್ಲಿ ಗೆದ್ದವನಿಗೆ ಇದೇ ಎಲ್ಲಕ್ಕಿಂತ ಕಷ್ಟದ ಪಾಠ ಎಂದು ನನಗೆ ಗೊತ್ತು.

ಕುತ್ತಿಗೆಯ ವಿಷಯದಲ್ಲಿ ನಿಮ್ಮ ವಸ್ತಾದರ ಮಾತು ಅರ್ಧ ಸರಿ, ಅರ್ಧ ಅಲ್ಲ. ಕುತ್ತಿಗೆ ಹಿಚುಕುವ ಪಟ್ಟು, ಅಂದರೆ ಚೋಕ್‌ನಲ್ಲಿ ಎರಡು ಬಗೆ. ಒಂದರಲ್ಲಿ ಕುತ್ತಿಗೆಯ ಎರಡೂ ಪಕ್ಕದ ರಕ್ತನಾಳ ಒತ್ತುತ್ತಾರೆ, ಮೆದುಳಿಗೆ ರಕ್ತ ಕಡಿಮೆಯಾಗುತ್ತದೆ. ಸರಿಯಾಗಿ ಬಿದ್ದರೆ ಹೆಚ್ಚಾಗಿ 10 ಸೆಕೆಂಡಿನ ಆಸುಪಾಸಿನಲ್ಲೇ ಪ್ರಜ್ಞೆ ತಪ್ಪುತ್ತದೆ. ಕೂಡಲೇ ಬಿಟ್ಟರೆ ಕೆಲವು ಸೆಕೆಂಡಿನಲ್ಲಿ ಎಚ್ಚರವಾಗುತ್ತದೆ. ಇನ್ನೊಂದರಲ್ಲಿ ಮುಂದಿನಿಂದ ಗಂಟಲಿನ ಉಸಿರುನಾಳ ಒತ್ತುತ್ತಾರೆ. ಇದರಲ್ಲಿ ನೋವು ಜಾಸ್ತಿ, ಗಂಟಲಿಗೆ ಗಾಯವಾಗುವ ಅಪಾಯವೂ ಜಾಸ್ತಿ. ಸಮಯಕ್ಕೆ ಟ್ಯಾಪ್ ಮಾಡಿ, ಅಂದರೆ ಸೋತೆ ಎಂದು ತಟ್ಟಿ ಬಿಡಿಸಿಕೊಂಡರೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ, 'ತಲೆ ಕೆಡುವುದಿಲ್ಲ'. ಆದರೆ ಅಪರೂಪಕ್ಕೆ ಕುತ್ತಿಗೆಯ ರಕ್ತನಾಳದ ಒಳಪದರ ಹರಿದು, ಚಿಕ್ಕ ವಯಸ್ಸಿನವರಿಗೂ ಪಾರ್ಶ್ವವಾಯು ಆದದ್ದುಂಟು. ಇದನ್ನು ಮುಚ್ಚಿಟ್ಟು ಕಲಿಸುವುದು ಸರಿಯಲ್ಲ. ಆಡಿದ ಮೇಲೆ ಕುತ್ತಿಗೆಯ ಒಂದೇ ಬದಿ ವಿಪರೀತ ನೋವು, ಹಿಂದೆಂದೂ ಬರದಂಥ ತಲೆನೋವು, ಮಾತು ತೊದಲುವುದು, ಕಣ್ಣು ಮಂಜಾಗುವುದು, ರೆಪ್ಪೆಯೋ ಮುಖವೋ ಒಂದು ಕಡೆ ಜೋಲುವುದು, ಕೈಕಾಲು ಜೋಮು ಹಿಡಿಯುವುದು, ಇದರಲ್ಲಿ ಯಾವುದು ಕಂಡರೂ ಬೆಳಗಾಗಲಿ ಎಂದು ಕಾಯಬೇಡಿ. ನೇರ ದೊಡ್ಡ ಆಸ್ಪತ್ರೆಗೆ.

ಯಾರಿಗಾದರೂ ಪ್ರಜ್ಞೆ ತಪ್ಪಿದರೆ ಹಿಡಿತ ಬಿಟ್ಟು, ಮಗ್ಗುಲಾಗಿ ಮಲಗಿಸಿ, ಉಸಿರು ನೋಡಿ. ಅರ್ಧ ನಿಮಿಷದಲ್ಲಿ ಎಚ್ಚರವಾಗದಿದ್ದರೆ 108ಕ್ಕೆ ಫೋನ್ ಮಾಡಿ. ಎಚ್ಚರವಾದರೂ ಆ ದಿನ ಅವನಿಗೆ ಆಟ ಇಲ್ಲ. ಬಿಪಿ ಇರುವವರು, ಹಿಂದೆ ಪಾರ್ಶ್ವವಾಯು ಆದವರು ಡಾಕ್ಟರನ್ನು ಕೇಳದೆ ಈ ಕಡೆ ಬರಬಾರದು. ನಿಮ್ಮ ನಾಲ್ವರ ಗುಂಪಿನಲ್ಲಿ ಚೋಕ್ ಅಭ್ಯಾಸ ಮಾಡುವಾಗ ಮೂರನೆಯವನೊಬ್ಬ ಮುಖ ನೋಡುತ್ತಾ ಪಕ್ಕದಲ್ಲಿರಬೇಕು.

ಟ್ಯಾಪ್ ಬಗ್ಗೆ ಮನೆಯವರಿಗೂ ಹೇಳಿ, ಧೈರ್ಯ ಬರುತ್ತದೆ. ಎದುರಾಳಿಯ ಮೈಮೇಲೆ ಎರಡು ಸಲ ತಟ್ಟಿದರೆ ಅವನು ಬಿಡಲೇಬೇಕು. ಕೈ ಸಿಕ್ಕಿಕೊಂಡಿದ್ದರೆ ಕಾಲಿನಿಂದ ಮ್ಯಾಟಿಗೆ ಬಡಿಯಿರಿ, ಅದೂ ಆಗದಿದ್ದರೆ ಬಾಯಿಬಿಟ್ಟು ಕೂಗಿ. ಈ ವಿದ್ಯೆಯ ಹಿರಿಯರಲ್ಲೇ ಇದಕ್ಕೊಂದು ಕಥೆ ಇದೆ. ಜಪಾನಿನ ಜೂಡೋ ಕಲಿತ ಮಿತ್ಸುಯೊ ಮಾಯೆದಾ 1914ರಲ್ಲಿ ಬ್ರೆಜಿಲ್‌ಗೆ ಹೋದರು. ಅವರಿಂದ ಕಾರ್ಲೋಸ್ ಗ್ರೇಸಿ ಕಲಿತರು. ಕಾರ್ಲೋಸ್ ಮತ್ತು ಅವರ ತಮ್ಮ ಹೆಲಿಯೊ ನೆಲದ ಮೇಲಿನ ಆಟವನ್ನು ಬೆಳೆಸಿದರು. 1951ರಲ್ಲಿ ರಿಯೊದಲ್ಲಿ ಹೆಲಿಯೊ ಜಪಾನಿನ ಮಸಾಹಿಕೊ ಕಿಮುರಾ ಜೊತೆ ಸೆಣಸಿದರು. ಕಿಮುರಾ ಹೆಲಿಯೊ ಕೈಯನ್ನು ಬೆನ್ನ ಹಿಂದಕ್ಕೆ ತಿರುವಿದರು. ಹೆಲಿಯೊ ಟ್ಯಾಪ್ ಮಾಡಲಿಲ್ಲ. ಕೊನೆಗೆ ಕಾರ್ಲೋಸ್ ಪಂದ್ಯ ನಿಲ್ಲಿಸಬೇಕಾಯಿತು. ಕಿಮುರಾ ಪಟ್ಟಿಗೆ ಆ ಹೆಸರು ಬಂದದ್ದು ಹೀಗೆ. ಆ ಪಂದ್ಯ ನೋಡಲು ಸಾವಿರಾರು ಜನ ಸೇರಿದ್ದರು. ಗೋದಾಮಿನಲ್ಲಿ ನಿಮ್ಮನ್ನು ನೋಡಲು ಯಾರಿದ್ದಾರೆ? ಅಲ್ಲಿ ಹಠ ಮಾಡಿ ಏನು ಗೆಲ್ಲಬೇಕು?

'ಕೆಳಗೆ ಮಲಗುವುದೂ ವಿದ್ಯೆಯಾ' ಎಂಬುದಕ್ಕೆ ವಸ್ತಾದರ ಜೊತೆ ವಾದ ಬೇಡ. ರಸ್ತೆಯಲ್ಲಿ ಜಗಳವಾದಾಗ, ಡಾಂಬರಿನ ಮೇಲೆ, ಎದುರಿಗೆ ಇಬ್ಬರು ಮೂವರು ಇದ್ದಾಗ ತಾನಾಗಿ ಮಲಗುವವನು ಮೂರ್ಖನೇ. ಒಳ್ಳೆಯ ಜಿಯು-ಜಿತ್ಸು ಕೋಚ್‌ಗಳೂ ಅದನ್ನೇ ಹೇಳುತ್ತಾರೆ: ಸಾಧ್ಯವಾದರೆ ಏಳು, ಓಡು. ಗಾರ್ಡ್ ಇರುವುದು ಬಿದ್ದವನಿಗೆ. ಮತ್ತೊಂದು ಮಾತು. ಬೆನ್ನ ಮೇಲೆ ಸವಾರಿ ಹಾಕಿ ಒತ್ತುವುದು, ಘಿಸ್ಸಾ ಹೊಡೆದು ತಿರುಗಿಸುವುದು ವಸ್ತಾದರಿಗೆ ನಮಗಿಂತ ಚೆನ್ನಾಗಿ ಗೊತ್ತು. ಮೇಲಿದ್ದವನು ತೂಕ ಎಲ್ಲಿ ಇಡಬೇಕು ಎಂದು ಅವರನ್ನೇ ಕೇಳಿ. ಎಷ್ಟೋ ವಿಡಿಯೋಗಳಲ್ಲಿ ಸಿಗದ ಉತ್ತರ ಸಿಗುತ್ತದೆ, ಅವರಿಗೂ ನಿಮ್ಮ ಮೇಲಿನ ಸಿಟ್ಟು ಇಳಿಯುತ್ತದೆ.

ಕೋಚ್ ಇಲ್ಲದೆ ಆಗುತ್ತದಾ? ಸ್ವಲ್ಪ ದೂರ ಆಗುತ್ತದೆ. ವಿಡಿಯೋ ನೋಡಿದರೆ ಕೈ ಎಲ್ಲಿಡಬೇಕು ಎಂದು ತಿಳಿಯುತ್ತದೆ, ನಿಮ್ಮ ಕೈ ಎಲ್ಲಿದೆ ಎಂದು ಅದು ಹೇಳುವುದಿಲ್ಲ. ನಾಲ್ಕೂ ಜನ ಒಂದೇ ತಪ್ಪನ್ನು ಒಟ್ಟಿಗೆ ರೂಢಿಸಿಕೊಳ್ಳುತ್ತೀರಿ, ಅದು ತಪ್ಪು ಎಂದು ಹೇಳುವವರೇ ಇರುವುದಿಲ್ಲ. ಇನ್ನೊಂದು ದಾರಿ ಜೂಡೋ. ಬೆಳಗಾವಿ ಕಡೆ ಜೂಡೋ ಕಲಿತವರು ಸಿಗುತ್ತಾರೆ, ಬೀಳುವುದನ್ನೂ ಬಟ್ಟೆ ಹಿಡಿಯುವುದನ್ನೂ ಚೆನ್ನಾಗಿ ಕಲಿಸುತ್ತಾರೆ. ಆದರೆ ಅಲ್ಲಿ ನೆಲದ ಮೇಲೆ ಸಮಯ ಕಡಿಮೆ, ಬೆನ್ನು ಒತ್ತಿ ಹಿಡಿದರೂ ಗೆಲುವು. ನಿಮ್ಮ ಹೊಟ್ಟೆಯ ಮೇಲೆ ಹೊರಳುವ ಅಭ್ಯಾಸ ಅಲ್ಲಿ ಹೋಗುವುದಿಲ್ಲ. ಪೂರ್ತಿ ಊರು ಬಿಟ್ಟು ಪುಣೆಗೋ ಬೆಂಗಳೂರಿಗೋ ಹೋಗುವುದು ಕೆಲಸ ಇರುವವರಿಗೆ ಆಗದ ಮಾತು.

ನಿಮ್ಮ ಜಾಗದಲ್ಲಿ ನಾನಿದ್ದರೆ ತಿಂಗಳಿಗೊಮ್ಮೆ ಶನಿವಾರ ರಾತ್ರಿ ಬಸ್ ಹತ್ತಿ ಪುಣೆಯ ಅದೇ ಕ್ಲಾಸಿಗೆ ಹೋಗುತ್ತಿದ್ದೆ. ಗೋವಾ ಹತ್ತಿರ ಅನಿಸಿದರೆ ಅಲ್ಲಿಗೆ. ಭಾನುವಾರ ತರಗತಿ ಇದೆಯಾ ಎಂದು ಮೊದಲೇ ಕೇಳಿಕೊಳ್ಳಿ. ಹೋಗುವಾಗ ಒಂದೇ ಪ್ರಶ್ನೆ ಹೊತ್ತುಕೊಂಡು ಹೋಗಿ, ಹತ್ತು ಬೇಡ. ಉಳಿದ ದಿನ ಗೋದಾಮಿನಲ್ಲಿ ಆ ಒಂದನ್ನೇ ತಿಕ್ಕಿ. ಹೊಸ ಕಡೆ ಸೇರುವುದಾದರೆ ಕೋಚ್‌ಗೆ ಬೆಲ್ಟ್ ಕೊಟ್ಟವರು ಯಾರು ಎಂದು ಕೇಳಲು ಸಂಕೋಚ ಬೇಡ. ಈ ವಿದ್ಯೆಯಲ್ಲಿ ಅದು ಮಾಮೂಲಿ ಪ್ರಶ್ನೆ. ಬಿಳಿ, ನೀಲಿ, ನೇರಳೆ, ಕಂದು, ಕಪ್ಪು ಹೀಗೆ ಐದು ಬೆಲ್ಟ್. ಕಪ್ಪಿಗೆ ಸಾಮಾನ್ಯವಾಗಿ ಹತ್ತು ವರ್ಷದ ಆಸುಪಾಸು ಬೇಕು. ಎರಡೇ ವರ್ಷದಲ್ಲಿ ಕೊಡಿಸುತ್ತೇನೆ ಎಂದವರಿಂದ ದೂರ ಇರಿ.

ಗೋದಾಮಿನಲ್ಲಿ ಹೇಗೆ ಆಡಬೇಕು? ನಿಂತು ಶುರು ಮಾಡಬೇಡಿ. ನಿಂತರೆ ನೀವೇ ಕೆಡವುತ್ತೀರಿ, ನಿಮಗೆ ಗೊತ್ತಿರುವುದನ್ನೇ ಮತ್ತೆ ಮಾಡುತ್ತೀರಿ. ನೀವು ಕೆಳಗೆ, ಗೆಳೆಯ ಪಕ್ಕದಿಂದ ಒತ್ತಿಹಿಡಿದ ಜಾಗದಿಂದ ಶುರುವಾಗಲಿ. ಎರಡು ನಿಮಿಷ. ನೀವು ತಪ್ಪಿಸಿಕೊಂಡರೆ ನಿಮ್ಮ ಗೆಲುವು, ಅವನು ಮೌಂಟ್‌ಗೆ ಬಂದರೆ ಅವನ ಗೆಲುವು. ಮತ್ತೆ ಅದೇ ಜಾಗ. ಆಮೇಲೆ ಮೌಂಟ್ ಕೆಳಗಿನಿಂದ, ಆಮೇಲೆ ಬೆನ್ನು ಹಿಡಿಸಿಕೊಂಡು. ಮೊದಲ ಕೆಲವು ತಿಂಗಳು ತಪ್ಪಿಸಿಕೊಳ್ಳುವುದಕ್ಕೇ ಹೆಚ್ಚು ಹೊತ್ತು ಕೊಡಿ. ತಪ್ಪಿಸಿಕೊಳ್ಳಬಲ್ಲೆ ಎಂಬ ಭರವಸೆ ಬಂದವನೇ ಧೈರ್ಯವಾಗಿ ಮುಂದೆ ಹೋಗುತ್ತಾನೆ. ಪಟ್ಟುಗಳಲ್ಲಿ ಹಿಂದಿನಿಂದ ಹಾಕುವ ಚೋಕ್, ಆರ್ಮ್‌ಬಾರ್, ಈ ಎರಡು ಸದ್ಯಕ್ಕೆ ಸಾಕು. ಭುಜ ಗುಣವಾದ ಮೇಲೆ ಕಿಮುರಾ ಸೇರಿಸಿಕೊಳ್ಳಿ.

ಕೆಲವನ್ನು ಮಾತ್ರ ಕೋಚ್ ಇಲ್ಲದೆ ಮುಟ್ಟಲೇಬೇಡಿ. ಹಿಮ್ಮಡಿ ತಿರುಗಿಸುವ ಹೀಲ್ ಹುಕ್ ಮೊದಲನೆಯದು. ಅದರಲ್ಲಿ ನೋವು ಗೊತ್ತಾಗುವ ಹೊತ್ತಿಗೆ ಮೊಣಕಾಲಿನ ಲಿಗಮೆಂಟ್ ಹೋಗಿರುತ್ತದೆ. ಈ ಆಟದ ಅಂತರರಾಷ್ಟ್ರೀಯ ಸಂಘಟನೆ ಐಬಿಜೆಜೆಎಫ್ ನಿಯಮದಲ್ಲಿ ಗಿ, ಅಂದರೆ ಆಟದ ದಪ್ಪ ಬಟ್ಟೆ ಹಾಕಿ ಆಡುವಾಗ ಅದು ಯಾವ ಬೆಲ್ಟಿಗೂ ಇಲ್ಲ. ಎರಡು ಕಾಲನ್ನು ಕತ್ತರಿಯಂತೆ ಹಾಕಿ ಕೆಡವುವುದು, ನಿಂತವನ ಸೊಂಟಕ್ಕೆ ಹಾರಿ ಕಾಲು ಕಟ್ಟುವುದು, ಕುತ್ತಿಗೆ ತಿರುಚುವುದು, ಇವೂ ಬೇಡ.

ಮ್ಯಾಟ್ 40 ಮಿ.ಮೀ. ದಪ್ಪ ಇದ್ದರೆ ಒಳ್ಳೆಯದು, ಸಂದಿ ಬಿಡದಂತೆ ಜೋಡಿಸಿ. ಆಡಿದ ಮೇಲೆ ಪ್ರತಿ ದಿನ ಫಿನಾಯಿಲ್‌ನಂಥದ್ದರಲ್ಲಿ ಒರೆಸಿ ಒಣಗಿಸಿ, ಉಗುರು ಕತ್ತರಿಸಿಕೊಳ್ಳಿ. ಗಜಕರ್ಣ ಒಬ್ಬನಿಗೆ ಬಂದರೆ ನಾಲ್ವರಿಗೂ ಬರುತ್ತದೆ. ಆಗ ಮೆಡಿಕಲ್ ಶಾಪಿನವರು ಕೊಡುವ ಸ್ಟೀರಾಯ್ಡ್ ಬೆರೆತ ಮುಲಾಮು ಹಚ್ಚಬೇಡಿ. ಎರಡು ದಿನ ಕಡಿಮೆಯಾದಂತೆ ಕಂಡು ಆಮೇಲೆ ಹಟಮಾರಿಯಾಗಿ ಹಬ್ಬುತ್ತದೆ. ಚರ್ಮದ ಡಾಕ್ಟರಿಗೆ ತೋರಿಸಿ, ಪೂರ್ತಿ ಗುಣವಾಗುವವರೆಗೆ ಅವನು ಮ್ಯಾಟಿಗೆ ಬರಬಾರದು. ಏಪ್ರಿಲ್, ಮೇ ತಿಂಗಳಲ್ಲಿ ತಗಡಿನ ಗೋದಾಮಿನೊಳಗೆ ದಪ್ಪ ಗಿ ಹಾಕಿಕೊಂಡು ಮಧ್ಯಾಹ್ನ ಆಡುವ ಹುಚ್ಚು ಬೇಡ. ಬೆಳಿಗ್ಗೆ ಆರಕ್ಕೆ ಮುಗಿಸಿ, ಇಲ್ಲವೇ ಆ ಎರಡು ತಿಂಗಳು ಗಿ ಇಲ್ಲದೆ ಆಡಿ.

ಸ್ಪರ್ಧೆಗೆ ಹೋಗಿ, ಖಂಡಿತ ಹೋಗಿ. ದೊಡ್ಡವರ ಬಿಳಿ ಬೆಲ್ಟ್ ಪಂದ್ಯ 5 ನಿಮಿಷ. ಐಬಿಜೆಜೆಎಫ್ ನಿಯಮ ಪಾಲಿಸುವ ಕಡೆ ಗಿ ಪಂದ್ಯಕ್ಕೆ ಗಿ ಹಾಕಿಕೊಂಡೇ ತೂಗುತ್ತಾರೆ. ನಿಮ್ಮ 84ಕ್ಕೆ ಗಿ ತೂಕ ಸೇರಿದರೆ 88.3 ಕೆಜಿಯ ವರ್ಗಕ್ಕೆ ಸರಿಯಾಗಿ ಕೂರುತ್ತೀರಿ. ಊಟ ಬಿಟ್ಟು 82.3ಕ್ಕೆ ಇಳಿಯುವ ಸಾಹಸ ಮೊದಲ ಸಲ ಬೇಡ. ಬೇರೆ ಸಂಘಟಕರಾದರೆ ಅವರ ನಿಯಮ ಓದಿಕೊಳ್ಳಿ. ನಿಮ್ಮಂಥವರಿಗೆ ಅಲ್ಲಿ ಒಂದೇ ಬಲೆ ಇದೆ. ಯಾರಾದರೂ ಗಾರ್ಡ್‌ನಲ್ಲಿ ಕಟ್ಟಿಹಾಕಿದಾಗಲೋ ಕಾಲಿನಿಂದ ಕುತ್ತಿಗೆ ಹಿಡಿದಾಗಲೋ ಅವನನ್ನು ಮೇಲೆತ್ತಿ ಕುಕ್ಕಿಬಿಡಲು ಕೈ ತುರಿಸುತ್ತದೆ. ಎತ್ತಿ ನಿಲ್ಲುವುದಕ್ಕೆ ತಡೆಯಿಲ್ಲ. ಕುಕ್ಕಿದರೆ ಮಾತ್ರ ರೆಫರಿ ಆ ಕ್ಷಣವೇ ಹೊರಗೆ ಹಾಕುತ್ತಾರೆ.